ಹೊಂಡ ತುಂಬುವವರೆಗೆ ಚೀಲದಲ್ಲಿ ಬೀನ್ಸ್ ಇರುವುದಿಲ್ಲ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರಗಳು.

ಮಳೆಗೆ ಕೃಷಿ ಹೊಂಡ ತುಂಬುವವರೆಗೆ ನಿಮ್ಮ ವಾರದ ಚೀಲದಲ್ಲಿ ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ಇರುವುದಿಲ್ಲ. ಬದಲಿಗೆ ಬೀಟ್‌ರೂಟ್, ಪಾಲಕ್, ಟೊಮೆಟೊ ಬರುತ್ತವೆ. ಚೀಲಕ್ಕೆ 30 ರೂಪಾಯಿ ಹೆಚ್ಚಾಗುತ್ತದೆ. ಮುಂಚಿತವಾಗಿ ತಿಳಿಸದೆ ಹೋದ ವಾರ ಬೀನ್ಸ್ ಇಲ್ಲದ ಚೀಲ ಕೊಟ್ಟಿದ್ದು ನಮ್ಮ ತಪ್ಪು, ಕ್ಷಮಿಸಿ.

ಆದರೆ "ಬೋರಿನಲ್ಲಿ ಅಷ್ಟು ನೀರಿದೆ, ದರ ಏರಿಸಲು ನೆಪ ಹೇಳುತ್ತೀರಿ" ಎಂಬ ಮಾತನ್ನು ಎಷ್ಟು ಸಲ ಕೇಳಿಸಿಕೊಳ್ಳುವುದು? ನೀರಿರುವುದು ನಿಜ, ಅದು ಸವಳು ನೀರು. ಗದಗ ಸೀಮೆಯ ನಮ್ಮ ಎರೆಹೊಲದಲ್ಲಿ ಅದನ್ನು ಹಾಯಿಸಿದ ಮಡಿ ಒಣಗಿದಾಗ ಬಂದು ನೋಡಿ. ಅಂಚಿಗೆ ಸುಣ್ಣ ಬಳಿದಂತೆ ಬಿಳಿ ಪೊರೆ ಕಟ್ಟಿರುತ್ತದೆ, ಬೀನ್ಸಿನ ಎಲೆಯ ತುದಿ ಕಂದಾಗಿ ಸುಟ್ಟಿರುತ್ತದೆ. ಬುಡದಲ್ಲಿ ತೇವವಿದ್ದರೂ ಗಿಡ ಬಾಡುತ್ತದೆ. ಉಪ್ಪು ಹಿಡಿದಿಟ್ಟುಕೊಂಡ ನೀರು ಬೇರಿಗೆ ದಕ್ಕುವುದಿಲ್ಲ. ಮಣ್ಣಿನ ಇಸಿ, ಅಂದರೆ ಉಪ್ಪಿನಂಶ ತೋರಿಸುವ ಅಳತೆ, 1 ದಾಟಿದರೆ ಬೀನ್ಸಿನ ಇಳುವರಿ ಇಳಿಯುತ್ತದೆ, ಬೀಟ್‌ರೂಟ್ 4ರವರೆಗೆ ತಾಳುತ್ತದೆ. ನಮ್ಮ ಬೋರಿನ ನೀರೇ 3.4 ಇದೆ. ಮರಳು ಮಣ್ಣಾಗಿದ್ದರೆ ಹೆಚ್ಚು ನೀರು ಬಿಟ್ಟು ಉಪ್ಪನ್ನು ಕೆಳಕ್ಕೆ ಇಳಿಸಬಹುದಿತ್ತು, ಎರೆ ಮಣ್ಣು ನೀರನ್ನು ಬೇಗ ಇಳಿಯಗೊಡುವುದಿಲ್ಲ. ಇನ್ನೂ ಆಳಕ್ಕೆ ಕೊರೆಸಿ ಎನ್ನುತ್ತೀರಿ. ಪಕ್ಕದ ಹೊಲದವರು ಕೊರೆಸಿದರು, ಸಿಕ್ಕಿದ್ದು ಇನ್ನೂ ಸವಳಾದ ನೀರು.

ಅದಕ್ಕಾಗಿ ಹೊಂಡದಲ್ಲಿ ಉಳಿದಿರುವ ಮಳೆನೀರನ್ನು ಬೋರಿನ ನೀರಿಗೆ ಸಮಪಾಲು ಬೆರೆಸಿ ಹನಿ ನೀರಾವರಿಯಲ್ಲಿ ಬಿಡುತ್ತಿದ್ದೇವೆ. "ಹನಿ ಪೈಪಿಗೆ ಸಬ್ಸಿಡಿ ಬಂದಿದೆಯಲ್ಲ, ಇನ್ನೇನು ಖರ್ಚು?" ಎಂದು ಕೇಳಿದವರೂ ಇದ್ದಾರೆ. ಸಬ್ಸಿಡಿ ಬಂದದ್ದು ಪೈಪು ಹಾಸುವಾಗ, ಒಂದೇ ಸಲ. ರಂಧ್ರಗಳಲ್ಲಿ ಉಪ್ಪು ಕಟ್ಟುವುದು ತಿಂಗಳು ತಿಂಗಳೂ. ಆಸಿಡ್ ಹಾಯಿಸಿ ತೊಳೆಯಬೇಕು, ಪೂರ್ತಿ ಕಟ್ಟಿದ ಪೈಪು ಬದಲಿಸಬೇಕು, ಹೊಂಡದಿಂದ ನೀರೆತ್ತಲು ಡೀಸೆಲ್ ಸುರಿಯಬೇಕು, ಹೂಳು ತೆಗೆದ ಜೆಸಿಬಿಗೆ ಬಾಡಿಗೆ ಕೊಡಬೇಕು. ಆ 30 ರೂಪಾಯಿ ಹೋಗುವುದು ಇಲ್ಲಿಗೆ. ಸಣ್ಣ ಮಳೆ ಬಂದಾಗಲೂ ಮೋಟಾರು ಓಡುತ್ತಿದ್ದುದನ್ನು ಕಂಡು ನೀರು ಪೋಲು ಮಾಡುತ್ತೀರಿ ಎಂದರು ಒಬ್ಬರು. ಹನಿ ನೀರು ಉಪ್ಪನ್ನು ಬೇರಿನಿಂದ ದೂರ, ತೇವದ ಅಂಚಿಗೆ ತಳ್ಳಿರುತ್ತದೆ. ಹನಿ ನಿಲ್ಲಿಸಿದರೆ ಆ ಉಪ್ಪು ಸಣ್ಣ ಮಳೆಗೆ ಕರಗಿ ಮತ್ತೆ ಬೇರಿಗೆ ಬರುತ್ತದೆ, ತಾಯಿ.

ಇಂಥ ನೀರಿನಲ್ಲಿ ಇಷ್ಟು ಒಳ್ಳೆಯ ಬೀಟ್‌ರೂಟ್ ತೆಗೆದಿದ್ದೇವೆ ಎಂಬ ಹೆಮ್ಮೆ ನಮಗಿದೆ. ತರಕಾರಿ ಉಪ್ಪಾಗಿರುವುದಿಲ್ಲ. ಇದೇ ಪಾಲಕ್ ನಮ್ಮ ಮನೆಯ ಬೇಳೆಗೂ ಬೀಳುತ್ತದೆ.

ಬೀನ್ಸಿಗೆ ಮುಂಗಡ ಕೊಟ್ಟವರು ಶನಿವಾರ ಚೀಲ ಒಯ್ಯುವಾಗ ಹಣ ವಾಪಸ್ ಪಡೆಯಿರಿ. ಚೀಟಿ ಕಳೆದಿದ್ದರೂ ಪರವಾಗಿಲ್ಲ, ನಿಮ್ಮ ಲೆಕ್ಕ ನಮ್ಮ ವಹಿಯಲ್ಲಿದೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ತರಕಾರಿ ಬೆಳೆಗಾರರ ಸಹಕಾರಿ ಸಂಘ