ಗಣೇಶಗುಡಿ ಪ್ರವಾಸ: ಈಜುಕೊಳದ ಅಭ್ಯಾಸದ ಬಗ್ಗೆ 9ನೇ ತರಗತಿ ಪೋಷಕರಿಗೆ

ಮಾನ್ಯ ಪೋಷಕರೇ,

ಕಾಳಿ ನದಿಯಲ್ಲಿ ರಾಫ್ಟಿಂಗ್‌ಗೆ (ಗಾಳಿ ತುಂಬಿದ ರಬ್ಬರ್ ದೋಣಿಯ ಸವಾರಿ) ಮುಂಚೆ ಶನಿವಾರದ ಈಜುಕೊಳದ ಅಭ್ಯಾಸ ಕಡ್ಡಾಯ ಎಂದಿದ್ದಕ್ಕೆ ಹಲವರು ಬೇಸರಪಟ್ಟಿದ್ದೀರಿ. "ನಮ್ಮ ಹುಡುಗನಿಗೆ ಈಜು ಚೆನ್ನಾಗಿ ಬರುತ್ತೆ, ಟ್ಯೂಷನ್ ಯಾಕೆ ತಪ್ಪಿಸಬೇಕು?" ಎಂದು ಕೇಳಿದ್ದೀರಿ. ಕೇಳುವುದು ನ್ಯಾಯವೇ.

ಆದರೆ ಹರಿಯುವ ನೀರಿಗೆ ಬಿದ್ದವರು, ಈಜು ಬಲ್ಲವರೂ ಸೇರಿ, ಮೊದಲು ನೋಡುವುದು ಕಾಲೂರಿ ನಿಲ್ಲಲು. ತಳದ ಬಂಡೆಗಳ ಸಂದಿಯಲ್ಲಿ ಪಾದ ಸಿಕ್ಕಿತೆಂದರೆ ಹಿಂದಿನಿಂದ ನೂಕುವ ನೀರು ಮೈಯನ್ನು ಮುಂದಕ್ಕೆ ಮಗುಚಿ ಅದುಮಿಬಿಡುತ್ತದೆ. ಸೊಂಟದುದ್ದದ ನೀರಲ್ಲೂ ತಲೆ ಎತ್ತಲಾಗದು. ಅಂಗಾತ ತೇಲಬೇಕು, ಪಾದ ಹರಿವಿನ ದಿಕ್ಕಿಗೆ, ಕಾಲ್ಬೆರಳು ನೀರಿನ ಮೇಲೆ. ಎಸೆದ ಹಗ್ಗವನ್ನು ಎದೆಗವಚಿಕೊಳ್ಳಬೇಕು, ಕೈಗೆ ಸುತ್ತಿಕೊಳ್ಳಲೇಬಾರದು. ಇದು ಹೇಳಿದರೆ ಬರುವ ಪಾಠವಲ್ಲ, ಮೈಗೆ ರೂಢಿಯಾಗಬೇಕು.

"ಲೈಫ್ ಜಾಕೆಟ್ ಇದೆಯಲ್ಲ" ಎನ್ನುತ್ತೀರಿ. ಇದೆ. ಪಟ್ಟಿ ಸಡಿಲವಿದ್ದರೆ ಅದು ನೀರಲ್ಲಿ ಕಿವಿಯವರೆಗೆ ಏರುತ್ತದೆ. ಭುಜದ ಪಟ್ಟಿ ಹಿಡಿದೆತ್ತಿದಾಗ ಗಲ್ಲ ಮುಟ್ಟದಷ್ಟು ಬಿಗಿಯಿರಬೇಕು. ದೋಣಿಯ ಹುಟ್ಟಿನ ಮೇಲ್ತುದಿಯ ಹಿಡಿಯಿಂದ ಕೈ ತೆಗೆದರಂತೂ, ನದಿಗಿಂತ ಮೊದಲು ಪಕ್ಕದ ಗೆಳೆಯನ ಹಲ್ಲಿಗೇ ಅಪಾಯ!

ಮಳೆಗಾಲ ಮುಗಿದಿದೆ, ನೀರು ಕಡಿಮೆ ಎಂಬ ಧೈರ್ಯವೂ ಬೇಡ. ಅಲ್ಲಿನ ಹರಿವು ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಿಂದ ಬಿಡುವ ನೀರಿನದು. ಬಿಡದಿದ್ದರೆ ಆ ದಿನ ರಾಫ್ಟಿಂಗ್ ಇಲ್ಲ, ಚಾರಣವಷ್ಟೇ. ಆ ಭಾಗದ ಹಣ ಮರಳಿಸುತ್ತೇವೆ.

ಚಾರಣಕ್ಕೆ ಜೀನ್ಸ್ ಬೇಡ, ನೆನೆದರೆ ಭಾರ, ಒಣಗುವುದಿಲ್ಲ. ತುಂಬುತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸಿನೊಳಗೆ. ಇದು ಉಣುಗಿನ ಕಾರಣಕ್ಕೆ: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ನಾವು ಹೋಗುವ ಉತ್ತರ ಕನ್ನಡದಲ್ಲೂ ಇದೆ, ಮಳೆ ನಿಂತ ಮೇಲಿನ ತಿಂಗಳುಗಳೇ ಅದರ ಕಾಲ. ಕೈಕಾಲಿಗೆ ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಸುತ್ತೇವೆ. ಸಂಜೆ ಬಿಸಿನೀರಿನ ಸ್ನಾನ, ಮೈ ತಪಾಸಣೆ. ಊರಿಗೆ ಮರಳಿ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ಅಭ್ಯಾಸಕ್ಕೆ ಬಾರದ ಮಕ್ಕಳು ಪ್ರವಾಸಕ್ಕೆ ಖಂಡಿತ ಬರಲಿ, ಚಾರಣ ಮಾಡಲಿ. ರಾಫ್ಟ್ ಮಾತ್ರ ಹತ್ತಿಸುವುದಿಲ್ಲ. ಶಿಕ್ಷೆಯೆಂದು ದಯವಿಟ್ಟು ತಿಳಿಯಬೇಡಿ. ಈಜಿನಲ್ಲಿ ಪದಕ ಗೆದ್ದವರಿಗೂ ಇದೇ ನಿಯಮ, ಜೊತೆಗೆ ಬರುವ ನಮ್ಮ ಶಿಕ್ಷಕರಿಗೂ. ಕೊಳಕ್ಕೆ ಶಾಲೆಯ ಬಸ್ಸೇ ಹೋಗಿಬರುತ್ತದೆ, ಹೆಣ್ಣುಮಕ್ಕಳ ಜೊತೆ ಶಿಕ್ಷಕಿಯರಿರುತ್ತಾರೆ.

ಉಬ್ಬಸ, ಮೂರ್ಛೆರೋಗ ಇದ್ದರೆ ಮುಚ್ಚಿಡದೆ ಬರೆದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ