ಹುಬ್ಬಳ್ಳಿಯ ಮಗಳಿಗೆ, ಹಕ್ಕಿಯ ರೆಕ್ಕೆಯ ವಿಷಯವಾಗಿ

ಗದಗ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ದೊಡ್ಡವ್ವ ಮಾಡುವ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ನೀನು ಸಾಕಿರುವ ಕಾಕಟೀಲ್ ಎಂಬ ಗಿಣಿಜಾತಿಯ ಹಕ್ಕಿಯ ಮರಿ ನಿಮ್ಮ ಮನೆಗೆ ಹೊಂದಿಕೊಳ್ಳುತ್ತಿರುವುದನ್ನು ಓದಿ ಸಂತೋಷವಾಯಿತು. ಅದು ಅಡುಗೆಮನೆಗೆ ಹಾರಿ ಬಂದು ಕುದಿಯುವ ಸಾರಿನ ಪಾತ್ರೆಯ ಅಂಚಿನಲ್ಲಿ ಕೂರಲು ಹೋದದ್ದನ್ನು ಓದಿ ಎದೆ ಝಲ್ಲೆಂದಿತು. ರೆಕ್ಕೆಯ ಗರಿ ಕತ್ತರಿಸಿಬಿಡಿ ಎಂದು ನಿನ್ನ ಅತ್ತೆಯವರು ಹೇಳಿದ್ದು ಆ ಭಯದಿಂದಲೇ, ಆದ್ದರಿಂದ ಅವರ ಮಾತನ್ನು ಹಗುರವಾಗಿ ಕಾಣಬೇಡ. ಆದರೆ ಅಂಗಡಿಯವನು ಅದು ಎರಡು ನಿಮಿಷದ ಕೆಲಸವೆಂದದ್ದನ್ನೂ, ಗರಿ ಕತ್ತರಿಸಿದರೆ ಹಕ್ಕಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಉಣಕಲ್ ಕೆರೆಯವರೆಗೆ ತಿರುಗಾಡಿ ಬರಬಹುದೆಂದು ಅಳಿಯಂದಿರು ಹೇಳಿದ್ದನ್ನೂ ನಾನು ಒಪ್ಪಲಾರೆ.

ಗಿಣಿಶಾಸ್ತ್ರ ಹೇಳುವವರ ಗಿಣಿಗಳು ರೆಕ್ಕೆ ಕತ್ತರಿಸಿಕೊಂಡೇ ಬದುಕುತ್ತಿದ್ದವಲ್ಲ ಎಂದು ಅತ್ತೆಯವರು ಕೇಳಿದ್ದಾರೆಂದು ಬರೆದಿರುವೆ. ಆ ಹಸಿರು ಗಿಣಿಗಳು ನಮ್ಮ ನೆಲದ ಕಾಡುಹಕ್ಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವುಗಳನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಸಾಕುವುದೂ ಅಪರಾಧ. ನಿನ್ನದು ಆಸ್ಟ್ರೇಲಿಯಾ ಮೂಲದ, ಪಂಜರದಲ್ಲಿಯೇ ಹುಟ್ಟಿ ಬೆಳೆದ ಜಾತಿಯಾದ್ದರಿಂದ ಅದನ್ನು ಸಾಕುವುದಕ್ಕೆ ಅಡ್ಡಿಯಿಲ್ಲ. ಆದರೆ ಕೈಯಲ್ಲಿ ಬೆಳೆದ ಹಕ್ಕಿಗೆ ಹೊರಗೆ ಬದುಕಲು ಬಾರದು, ಒಮ್ಮೆ ತಪ್ಪಿಸಿಕೊಂಡರೆ ಕಾಗೆ, ಹದ್ದುಗಳ ಪಾಲಾಗುತ್ತದೆ. ಹೀಗಾಗಿ ಅದರ ಕ್ಷೇಮದ ಹೊಣೆ ಪೂರ್ತಿ ನಿನ್ನದೇ.

ಬೆಳೆದು ನಿಂತ ಗರಿ ನಮ್ಮ ಉಗುರಿನಂತೆ ಜೀವವಿಲ್ಲದ ವಸ್ತು, ಆದ್ದರಿಂದ ಅದನ್ನು ಕತ್ತರಿಸಿದರೆ ನೋಯುವುದಿಲ್ಲವೆಂದು ಅಂಗಡಿಯವನು ಹೇಳಿದ್ದು ನಿಜ. ಅವನು ಹೇಳದೆ ಬಿಟ್ಟದ್ದು ಹೊಸದಾಗಿ ಹುಟ್ಟುವ ಗರಿಯ ವಿಷಯ. ಬೆಳೆಯುತ್ತಿರುವ ಗರಿಯ ಬುಡದ ಕೊಳವೆಯಲ್ಲಿ ರಕ್ತ ಹರಿಯುತ್ತಿರುತ್ತದೆ. ಕತ್ತರಿ ಅದಕ್ಕೆ ತಗುಲಿದರೆ ರಕ್ತ ಸುರಿಯುತ್ತದೆ, ಮತ್ತು ನೂರು ಗ್ರಾಮಿನಷ್ಟೂ ತೂಗದ ಜೀವಕ್ಕೆ ಸ್ವಲ್ಪ ರಕ್ತ ಹೋದರೂ ಅಪಾಯವೇ. ಹಕ್ಕಿಯು ಹಳೆಯ ಗರಿಗಳನ್ನು ಒಮ್ಮೆಲೇ ಉದುರಿಸದೆ, ಎರಡೂ ರೆಕ್ಕೆಗಳಿಂದ ಒಂದೊಂದಾಗಿ, ಸರಿಸುಮಾರು ಜೋಡಿಯಾಗಿ ಉದುರಿಸುವುದರಿಂದ ಹೊಸ ಗರಿಗೆ ಅಕ್ಕಪಕ್ಕದ ಗಟ್ಟಿ ಗರಿಗಳ ಆಸರೆ ಇರುತ್ತದೆ. ಸಾಲಾಗಿ ಕತ್ತರಿಸಿಬಿಟ್ಟಾಗ ಆ ಆಸರೆ ಹೋಗಿ, ರಕ್ತ ತುಂಬಿದ ಎಳೆಯ ಗರಿ ಒಂಟಿಯಾಗಿ ಹೊರಚಾಚಿ, ತಾಗಿದಲ್ಲೆಲ್ಲ ಮುರಿಯುತ್ತದೆ. ಕಾಕಟೀಲ್‌ಗಳಿಗಂತೂ ರಾತ್ರಿ ಕತ್ತಲೆಯಲ್ಲಿ ಬೆಚ್ಚಿಬಿದ್ದು ಪಂಜರದೊಳಗೇ ಒದ್ದಾಡುವ ಸ್ವಭಾವವಿದೆ. ಕತ್ತರಿಸಿದರೂ ಬಿಟ್ಟರೂ ರಾತ್ರಿ ಹತ್ತಿರದಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ. ಎಂದಾದರೂ ಗರಿ ಮುರಿದು ರಕ್ತ ಬಂದರೆ ಆ ಜಾಗಕ್ಕೆ ಮೆಕ್ಕೆಜೋಳದ ಹಿಟ್ಟನ್ನು ಒತ್ತಿ ಹಿಡಿದು ತಡಮಾಡದೆ ವೈದ್ಯರಲ್ಲಿಗೆ ಒಯ್ಯಿ.

ಇನ್ನು ಉಣಕಲ್ ಕೆರೆಯ ತಿರುಗಾಟದ ಮಾತು. ಗರಿ ಕತ್ತರಿಸಿದ ಹಕ್ಕಿ ಹಾರಲಾರದು ಎಂಬ ನಂಬಿಕೆಯಷ್ಟು ಅಪಾಯಕಾರಿಯಾದದ್ದು ಈ ವಿಷಯದಲ್ಲಿ ಬೇರೆ ಇಲ್ಲ. ಕಾಕಟೀಲಿನ ಮೈ ಹಗುರ, ರೆಕ್ಕೆ ಉದ್ದ. ನಾಲ್ಕಾರು ಗರಿ ಹೋದರೂ ಅದು ಮೇಲೇಳಬಲ್ಲದು, ಮೇಲಾಗಿ ಗಾಳಿ ಅದಕ್ಕೆ ನೆರವಾಗುತ್ತದೆ. ಆಷಾಢದ ಗಾಳಿ ನಮ್ಮ ಭಾಗದಲ್ಲಿ ಹೇಗಿರುತ್ತದೆಂದು ನಿನಗೆ ತಿಳಿದೇ ಇದೆ. ಆ ಗಾಳಿಗೆಂದೇ ಕಪ್ಪತಗುಡ್ಡದ ಸೆರಗಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದಾರೆ. ಒಂದು ಬಸ್ಸಿನ ಹಾರ್ನ್‌ಗೆ ಬೆದರಿ ಹೆಗಲಿನಿಂದ ಎದ್ದ ಹಕ್ಕಿಯನ್ನು ಅಂಥ ಗಾಳಿ ಎತ್ತಿಕೊಂಡು ಹೋದರೆ, ಅದಕ್ಕೆ ದಿಕ್ಕು ಹಿಡಿಯಲೂ ಬಾರದು, ತಿರುಗಿ ಬರಲೂ ಆಗದು. ಕತ್ತರಿಸಿದ ಗರಿ ಮುಂದಿನ ಉದುರುವಿಕೆಯಲ್ಲಿ ಮತ್ತೆ ಬಂದಿರುವುದೂ ಮನೆಯವರ ಗಮನಕ್ಕೆ ಬಂದಿರುವುದಿಲ್ಲ. ಹೊರಗೆ ಒಯ್ಯಬೇಕೆಂದರೆ ಪಂಜರದಲ್ಲಿಯೇ ಒಯ್ಯಿರಿ.

ಅಡುಗೆಮನೆಯ ಭಯಕ್ಕೂ ಕತ್ತರಿ ಉತ್ತರವಲ್ಲ ಎಂಬುದನ್ನು ಅತ್ತೆಯವರಿಗೆ ಸಮಾಧಾನದಿಂದ ತಿಳಿಸಿ ಹೇಳು. ನಾನ್‌ಸ್ಟಿಕ್ ತವೆ ಖಾಲಿಯಾಗಿ ಅತಿಯಾಗಿ ಕಾದರೆ ಅದರಿಂದೇಳುವ ಹೊಗೆ ಹಕ್ಕಿಯ ಪ್ರಾಣ ತೆಗೆಯುತ್ತದೆ, ಅದು ಪಂಜರದಲ್ಲಿದ್ದರೂ ಸರಿಯೆ. ಹಾಗಾಗಿ ಅಡುಗೆಮನೆಯ ಬಾಗಿಲು ಹೇಗಿದ್ದರೂ ಮುಚ್ಚಿರಬೇಕು, ಆ ತವೆ ಮನೆಯಿಂದ ಹೊರಗೆ ಹೋಗಬೇಕು. ಹಕ್ಕಿಯನ್ನು ಹೊರಗೆ ಬಿಡುವ ಹೊತ್ತಿಗೆ ಮೇಲಿನ ಫ್ಯಾನಿನ ಸ್ವಿಚ್ ಮೇಲೆ ಪಟ್ಟಿ ಅಂಟಿಸಿಡಿ. ಕಿಟಕಿಗೆ ಸೊಳ್ಳೆಯ ತಂತಿಜಾಳಿಗೆ ಹಾಕಿಸಿ. ತಿಜೋರಿಯ ಕನ್ನಡಿಗೆ ಬಟ್ಟೆ ಇಳಿಬಿಡಿ. ಹಾರಲಾರದ ಹಕ್ಕಿ ನೆಲದ ಮೇಲೆ ನಡೆದಾಡುತ್ತದೆ, ಆಗ ಕಾಲ್ತುಳಿತವೂ ಬೆಕ್ಕಿನ ಭಯವೂ ಹೊಸದಾಗಿ ಸೇರಿಕೊಳ್ಳುತ್ತವೆ.

ಇದೆಲ್ಲಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಅದರ ವಯಸ್ಸು. ಮರಿ ಈಗಷ್ಟೇ ಹಾರುವುದನ್ನು, ಅದಕ್ಕಿಂತ ಕಷ್ಟವಾದ ಇಳಿಯುವುದನ್ನು ಕಲಿಯುತ್ತಿದೆ. ಗೋಡೆಗೆ ತಾಗುವುದು, ಪರದೆಗೆ ಜೋತುಬೀಳುವುದು ಈ ಕಲಿಕೆಯ ಭಾಗ. ಕೆಲವು ವಾರಗಳಲ್ಲಿ ತಾನಾಗಿ ತಿದ್ದಿಕೊಳ್ಳುತ್ತದೆ. ಈ ಹಂತದಲ್ಲಿ ರೆಕ್ಕೆ ಕಸಿದುಕೊಂಡರೆ ಎದೆಯ ಸ್ನಾಯುಗಳು ಬಲಿಯುವುದಿಲ್ಲ, ಧೈರ್ಯ ಕೂಡುವುದಿಲ್ಲ, ಮುಂದೆ ಗರಿ ಬಂದರೂ ಹಾರಲು ಹೆದರುವ ಹಕ್ಕಿಯಾಗಬಹುದು. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ, ಅದಕ್ಕೂ ಮೇಲೆ ಬಾಳುವ ಜೀವಕ್ಕೆ ಮೊದಲ ತಿಂಗಳುಗಳಲ್ಲಿ ಇಂಥ ಪೆಟ್ಟು ಬೇಡ ಮಗಳೇ.

ಎಂದೂ ಕತ್ತರಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಮುಂದೆ ಹಕ್ಕಿ ವಿಪರೀತ ಬೆದರಿ ಮೈಗೆ ಗಾಯ ಮಾಡಿಕೊಳ್ಳತೊಡಗಿದರೆ, ಇಲ್ಲವೆ ಹಬ್ಬಕ್ಕೆ ಮಕ್ಕಳುಮರಿಗಳೊಂದಿಗೆ ಬಂಧುಗಳು ಬಂದು ದೀರ್ಘಕಾಲ ಬಾಗಿಲು ಹಾಕುವುದೇ ಅಸಾಧ್ಯವಾದರೆ, ಪಕ್ಷಿಗಳನ್ನು ನೋಡಿ ರೂಢಿಯಿರುವ ಪಶುವೈದ್ಯರಿಂದ ಒಂದು ಸಲ ಮಾಡಿಸಬಹುದು. ಆಗಲೂ ಎರಡೂ ರೆಕ್ಕೆಗಳಲ್ಲಿ ಸಮನಾಗಿ, ತುದಿಯ ಹತ್ತು ಹಾರುಗರಿಗಳಲ್ಲಿ ಕೆಲವನ್ನು ಮಾತ್ರ, ರಕ್ತಗರಿ ಇಲ್ಲವೆಂದು ಬೆಳಕಿನಲ್ಲಿ ನೋಡಿಕೊಂಡೇ ಕತ್ತರಿಸಬೇಕು. ಹಕ್ಕಿ ಕಲ್ಲಿನಂತೆ ಬೀಳದೆ ತೇಲಿ ನೆಲಕ್ಕಿಳಿಯುವಷ್ಟು ಗರಿ ಉಳಿಯಬೇಕು. ಒಂದೇ ರೆಕ್ಕೆ ಕತ್ತರಿಸಿದರೆ ಸಾಕೆನ್ನುವವರ ಕೈಗೆ ಹಕ್ಕಿಯನ್ನು ಕೊಡಲೇಬೇಡ. ಅದು ಗಿರಗಿರನೆ ತಿರುಗಿ ಬಿದ್ದು ಎದೆ ಒಡೆದುಕೊಳ್ಳುತ್ತದೆ. ಇಲ್ಲಿ ಗದಗದಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಬೇಕಾದರೆ ನಾನು ಹೋಗಿ ವಿಚಾರಿಸುತ್ತೇನೆ.

ಸದ್ಯಕ್ಕೆ ಕರೆದರೆ ಬರುವುದನ್ನು ಅದಕ್ಕೆ ಕಲಿಸು. ಬೆಳಗಿನ ಕಾಳು ಹಾಕುವ ಮುಂಚೆ, ಅದು ಹಸಿದಿರುವಾಗ, ನವಣೆ ತೆನೆಯೊಂದನ್ನು ಗೇಣಿನ ದೂರದಲ್ಲಿ ಹಿಡಿದು ಒಂದೇ ಬಗೆಯಲ್ಲಿ ಕೂಗು. ಕೈಗೆ ಹಾರಿ ಬಂದರೆ ನಾಲ್ಕು ಕಾಳು ಕುಕ್ಕಲು ಬಿಡು, ದಿನದಿನಕ್ಕೆ ದೂರವನ್ನು ಹೆಚ್ಚಿಸುತ್ತ ಹೋಗು. ಬೇಸರಪಟ್ಟುಕೊಂಡರೆ ಅಲ್ಲಿಗೇ ನಿಲ್ಲಿಸು. ಈ ಕೆಲಸವನ್ನು ಅತ್ತೆಯವರ ಕೈಯಿಂದಲೂ ಮಾಡಿಸು. ಹಕ್ಕಿ ತಾವು ಕರೆದಾಗ ಬರುತ್ತದೆಂದು ಕಂಡರೆ ಅವರ ಅರ್ಧ ಭಯ ಹೋಗುತ್ತದೆ. ಔಷಧ ಹೊಡೆಯದ ಹೊಲದ ನವಣೆ ತೆನೆಗಳನ್ನು ತೆಗೆದಿರಿಸಿದ್ದೇನೆ. ಬರುವ ವಾರ ನಿನ್ನ ದೊಡ್ಡಪ್ಪ ಹುಬ್ಬಳ್ಳಿಗೆ ಬರುವವರಿದ್ದಾರೆ, ಅವರೊಂದಿಗೆ ಕಳಿಸುತ್ತೇನೆ. ಅಷ್ಟರೊಳಗೆ ಕಿಟಕಿಗಳ ಅಳತೆ ತೆಗೆದಿಡು, ಜಾಳಿಗೆ ಹಾಕಿಸುವ ಕೆಲಸವನ್ನು ಅವರೇ ನಿಂತು ಮಾಡಿಸಿಕೊಟ್ಟು ಬರುತ್ತಾರೆ.

ಇಂತು ನಿನ್ನ ಪ್ರೀತಿಯ
ದೊಡ್ಡವ್ವ