ಹಿಡಿದದ್ದನ್ನು ಬಿಡುವುದೂ ಅಮೀನ್‌ನ ಕೆಲಸವೇ

ಮಾನ್ಯ ಸಂಪಾದಕರಿಗೆ,

ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ, ಅಮೀನ್ ಎಂಬ ಸಾರಜನಕಯುಕ್ತ ರಾಸಾಯನಿಕ ಲೇಪಿತ ಪುಡಿಯ ಬಗ್ಗೆ ತಮ್ಮ ವಿಜ್ಞಾನ ಪುಟದಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಇಂಥ ವಿಷಯಕ್ಕೆ ಇಷ್ಟು ಜಾಗ ಕೊಟ್ಟಿದ್ದೀರಲ್ಲ ಎಂದು ಸಂತೋಷವಾಯಿತು. ಆದರೆ ಲೇಖನದ ಉದ್ದಕ್ಕೂ ಆ ಪುಡಿಯನ್ನು ‘ಅನಿಲ ಹೀರುವ ಸ್ಪಂಜು’ ಎಂದೇ ಕರೆದಿದ್ದಾರೆ. ಎಷ್ಟು ಹೀರುತ್ತದೆ ಎಂದು ಹೇಳಿ ಅಲ್ಲಿಗೇ ಮುಗಿಸಿದ್ದಾರೆ. ಮೂವತ್ತು ವರ್ಷ ಮೇಲ್ಮೈ ರಸಾಯನಶಾಸ್ತ್ರ ಪಾಠ ಮಾಡಿದ ನನಗೆ ಇದನ್ನು ಓದಿ ಸುಮ್ಮನಿರಲಾಗಲಿಲ್ಲ.

ಸ್ಪಂಜಿಗೆ ನೀರಾದರೇನು, ಎಣ್ಣೆಯಾದರೇನು, ಸಿಕ್ಕಿದ್ದನ್ನು ಒಡಲಲ್ಲಿ ತುಂಬಿಕೊಳ್ಳುತ್ತದೆ. ಅಧಿಶೋಷಣೆ ಹಾಗಲ್ಲ. ಅಲ್ಲಿ ಅಣುಗಳು ಘನವಸ್ತುವಿನ ಮೇಲ್ಮೈಗೆ ಬಂದು ಅಂಟಿಕೊಳ್ಳುತ್ತವೆ. ಯಾವುದು ಅಂಟಬೇಕು, ಯಾವುದು ಹಾಗೇ ಸರಿದು ಹೋಗಬೇಕು ಎಂಬುದು ಆ ಮೇಲ್ಮೈಯ ಸ್ವಭಾವಕ್ಕೆ ಬಿಟ್ಟದ್ದು. ಗಾಳಿಯಲ್ಲಿ ಶೇ 78 ಸಾರಜನಕ, ಶೇ 21 ಆಮ್ಲಜನಕ. ಇಂಗಾಲದ ಡೈಆಕ್ಸೈಡ್ ಇರುವುದು ಹತ್ತು ಲಕ್ಷ ಅಣುಗಳಿಗೆ 420ರ ಆಸುಪಾಸು. ಅಷ್ಟು ದೊಡ್ಡ ಜಂಗುಳಿಯಲ್ಲಿ ಆ ಕೆಲವನ್ನೇ ಗುರುತು ಹಿಡಿದು ನಿಲ್ಲಿಸಿಕೊಳ್ಳುವುದು ಸ್ಪಂಜಿನಿಂದ ಆಗುವ ಕೆಲಸವಲ್ಲ.

ಅಮೀನ್‌ಗೆ ಅದು ಸಾಧ್ಯವಾಗುವುದು ಸಾರಜನಕದ ಒಂದು ಗುಣದಿಂದ. ಅಮೋನಿಯದ ಜಲಜನಕಗಳ ಜಾಗದಲ್ಲಿ ಇಂಗಾಲದ ಸರಪಳಿ ಬಂದು ಕೂತರೆ ಅದೇ ಅಮೀನ್. ಅದರ ಸಾರಜನಕದ ಮೇಲೆ ಯಾವ ಬಂಧಕ್ಕೂ ಸೇರದ ಎಲೆಕ್ಟ್ರಾನ್ ಜೋಡಿಯೊಂದು ಉಳಿದಿರುತ್ತದೆ. ಇಂಗಾಲದ ಡೈಆಕ್ಸೈಡಿನಲ್ಲಿ ಎರಡು ಆಮ್ಲಜನಕಗಳು ಎರಡು ಕಡೆಯಿಂದ ಎಳೆಯುವುದರಿಂದ ನಡುವಿನ ಇಂಗಾಲಕ್ಕೆ ಎಲೆಕ್ಟ್ರಾನ್‌ಗಳ ಕೊರತೆ. ಇವನಲ್ಲಿ ಇದ್ದದ್ದು ಅವನಿಗೆ ಬೇಕಾದದ್ದು, ಬಂಧ ಏರ್ಪಡುತ್ತದೆ. ಗಾಳಿಯ ಸಾರಜನಕಕ್ಕಾಗಲೀ ಆಮ್ಲಜನಕಕ್ಕಾಗಲೀ ಅಂಥ ಕೊರತೆಯ ಜಾಗವಿಲ್ಲ, ಹಾಗಾಗಿ ಅವು ಮುಂದೆ ಸಾಗುತ್ತವೆ.

ಲೇಖನದಲ್ಲಿ ಬಿಟ್ಟುಹೋದ ವಿಷಯ ಇಲ್ಲಿಂದಲೇ ಶುರುವಾಗುತ್ತದೆ. ಹಿಡಿದ ಅನಿಲವನ್ನು ಮತ್ತೆ ಬಿಡಿಸಿ ಬೇರೆ ಕಡೆ ಸಾಗಿಸದಿದ್ದರೆ ಪುಡಿ ಒಂದೇ ಸಲದ ಬಳಕೆಗೆ ಮುಗಿದುಹೋಗುತ್ತದೆ. ಜಿಯೊಲೈಟಿನಂಥ ಖನಿಜದ ಮೇಲೆ ಇಂಗಾಲದ ಡೈಆಕ್ಸೈಡ್ ಮೋಲ್‌ಗೆ (ಅಣುಗಳನ್ನು ಎಣಿಸುವ ಅಳತೆ) ಸುಮಾರು 40 ಕಿಲೋಜೂಲ್ ಶಕ್ತಿಯ ಬಂಧದಲ್ಲಿ ಕೂರುತ್ತದೆ. ಬಿಡಿಸುವುದು ಸುಲಭ, ಆದರೆ ಗಾಳಿಯ ತೇವ ಬಂತೆಂದರೆ ಜಿಯೊಲೈಟ್ ನೀರನ್ನೇ ಮೊದಲು ಹಿಡಿಯುತ್ತದೆ. ಪ್ರಾಥಮಿಕ ಅಮೀನ್ (ಸಾರಜನಕಕ್ಕೆ ಒಂದೇ ಇಂಗಾಲದ ಸರಪಳಿ ಇರುವಂಥದ್ದು) ಜೊತೆ ಆ ಬಂಧ ಸುಮಾರು 80ರಿಂದ 90 ಕಿಲೋಜೂಲ್. ತೇವದ ನಡುವೆಯೂ ಕೈ ಬಿಡದಷ್ಟು ಗಟ್ಟಿ, 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖಕ್ಕೆ ಬಿಟ್ಟುಕೊಡುವಷ್ಟು ಮೆದು. ಅಮೀನ್‌ನ ಬೆಲೆ ಇರುವುದು ಈ ಹದದಲ್ಲಿ.

ಇದು ಇವತ್ತಿನ ಸಂಗತಿಯೂ ಅಲ್ಲ. ಅನಿಲಗಳನ್ನು ಅಮೀನ್ ದ್ರಾವಣದಿಂದ ತೊಳೆಯುವ ವಿಧಾನಕ್ಕೆ ಬಾಟಮ್ಸ್ ಎಂಬವರು 1930ರಲ್ಲೇ ಪೇಟೆಂಟ್ ಪಡೆದಿದ್ದರು. ಸಾಮಾನ್ಯವಾಗಿ ಬಳಸುವ ದ್ರಾವಣದಲ್ಲಿ ಮಾನೋಎಥನಾಲಮೀನ್ ಎಂಬ ಅಮೀನ್ ಶೇ 30, ಉಳಿದದ್ದು ನೀರು. ಅನಿಲ ಬಿಡಿಸಲು 120 ಡಿಗ್ರಿವರೆಗೆ ಕಾಯಿಸುವಾಗ ಆ ನೀರನ್ನೂ ಕಾಯಿಸಬೇಕು. ಶಾಖದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಅಮೀನನ್ನು ಸಿಲಿಕಾದಂಥ ರಂಧ್ರಭರಿತ ಘನದ ಮೇಲೆ ಕೂರಿಸುವ ಯೋಚನೆ ಬಂದದ್ದು ಬಹುಪಾಲು ಈ ಕಾರಣಕ್ಕೆ.

ಕೂರಿಸುವುದೂ ಸಲೀಸಲ್ಲ. ತೇವವಿಲ್ಲದ ಕಡೆ ಒಂದು ಇಂಗಾಲದ ಡೈಆಕ್ಸೈಡ್ ಅಣುವನ್ನು ಹಿಡಿಯಲು ಎರಡು ಅಮೀನ್ ಬೇಕು: ಒಂದು ಇಂಗಾಲಕ್ಕೆ ಅಂಟಿ ಕಾರ್ಬಮೇಟ್ ಎಂಬ ಸಂಯುಕ್ತವಾಗುತ್ತದೆ, ಪಕ್ಕದ್ದು ಅಲ್ಲಿಂದ ಹೊರಬಿದ್ದ ಪ್ರೋಟಾನನ್ನು ತೆಗೆದುಕೊಳ್ಳುತ್ತದೆ. ಹಾಗಾಗಿ ಅಮೀನ್‌ಗಳು ವಿರಳವಾಗಿ ಚದುರಿದ್ದರೆ ಜೊತೆಗಾರ ಸಿಗದೆ ಕೆಲಸ ಕುಂಟುತ್ತದೆ. ಒತ್ತೊತ್ತಾಗಿ ತುಂಬಿದರೆ ರಂಧ್ರದ ಬಾಯಿ ಕಟ್ಟಿ, ಅನಿಲ ಒಳಗಿನ ಅಮೀನ್‌ಗಳನ್ನು ತಲುಪುವುದೇ ಇಲ್ಲ. ಪಾಲಿಎಥಿಲೀನ್‌ಇಮೀನ್ ಎಂಬ ಪಾಲಿಮರನ್ನು ರಂಧ್ರಗಳಿಗೆ ತುಂಬಿದ ಸಿಲಿಕಾ ತಣ್ಣಗಿದ್ದಾಗಿನದಕ್ಕಿಂತ 75 ಡಿಗ್ರಿಯ ಹತ್ತಿರ ಹೆಚ್ಚು ಹಿಡಿಯುತ್ತದೆ ಎಂದು 2002ರಲ್ಲಿ ಪ್ರಕಟವಾದಾಗ ನಾನು ತರಗತಿಯಲ್ಲಿ ಇದನ್ನೇ ಒಂದು ಗಂಟೆ ಪಾಠ ಮಾಡಿದ್ದೆ. ಅಧಿಶೋಷಣೆ ಬಿಸಿಯಾದಂತೆ ಕಡಿಮೆಯಾಗಬೇಕು ಎಂದು ಓದಿಕೊಂಡಿದ್ದ ಮಕ್ಕಳಿಗೆ ಆಶ್ಚರ್ಯವೋ ಆಶ್ಚರ್ಯ. ಕಾರಣ ಇಷ್ಟೇ: ಬಿಸಿಗೆ ಪಾಲಿಮರಿನ ಗಂಟು ಸಡಿಲವಾಗಿ ಅನಿಲಕ್ಕೆ ಒಳದಾರಿ ತೆರೆಯುತ್ತದೆ.

ಬಿಡುವ ಮಾತಿಗೆ ಬಂದಾಗ ನನ್ನದೇ ಒಂದು ಅನುಭವ ನೆನಪಾಗುತ್ತದೆ. ವಿದ್ಯಾರ್ಥಿನಿಯಾಗಿದ್ದಾಗ ವಾರಗಟ್ಟಲೆ ದುಡಿದು ಮಾಡಿದ ಅಮೀನ್ ಸಂಯುಕ್ತವೊಂದನ್ನು ಶುದ್ಧ ಮಾಡಲು ಸಿಲಿಕಾ ಕಾಲಂಗೆ, ಅಂದರೆ ಸಿಲಿಕಾ ಪುಡಿ ತುಂಬಿದ ಕೊಳವೆಗೆ, ಹಾಕಿದೆ. ದ್ರಾವಕ ಎಷ್ಟು ಸುರಿದರೂ ಅದು ಇಳಿಯಲೊಲ್ಲದು. ಕೊಳವೆಯ ಮೇಲ್ತುದಿಯಲ್ಲೇ ಕಂದು ಪಟ್ಟಿಯಾಗಿ ಕೂತುಬಿಟ್ಟಿತು. ಸಿಲಿಕಾ ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳು ತುಸು ಆಮ್ಲೀಯ. ಅವು ನನ್ನ ಅಮೀನನ್ನು ಉಡದಂತೆ ಕಚ್ಚಿ ಹಿಡಿದಿದ್ದವು. ಅಳು ಬರುವ ಹೊತ್ತಿಗೆ ಪ್ರಯೋಗಾಲಯದ ಹಿರಿಯರೊಬ್ಬರು ಬಂದು ನೋಡಿ, “ದ್ರಾವಕಕ್ಕೆ ನೂರಕ್ಕೆ ಒಂದು ಪಾಲು ಟ್ರೈಎಥಿಲಮೀನ್ ಬೆರೆಸಮ್ಮ” ಎಂದರು. ಬೆರೆಸಿದೆ. ಆ ಅಮೀನ್ ಹೋಗಿ ಸಿಲಿಕಾದ ಆಮ್ಲೀಯ ಜಾಗಗಳನ್ನು ತಾನು ತುಂಬಿತು, ನನ್ನದು ಸಂಜೆಯೊಳಗೆ ಇಳಿದು ಬಂತು. ಮೇಲ್ಮೈ ಎಂದರೆ ಏನೆಂದು ನನಗೆ ಅರ್ಥವಾದದ್ದು ಅಂದೇ.

ನೀರಿನಲ್ಲೂ ಇದೇ ಕಥೆ, ಇನ್ನೂ ಸೊಗಸಾಗಿ. ನೀರು ಚೆನ್ನಾಗಿ ಆಮ್ಲೀಯವಾಗಿದ್ದರೆ ಮೇಲ್ಮೈಯ ಅಮೀನ್ ಪ್ರೋಟಾನ್ ಪಡೆದು ಧನ ಆವೇಶ ಹೊತ್ತು, ಋಣ ಆವೇಶದ ವಿಷಕಾರಿ ಕ್ರೋಮೇಟನ್ನು ಸೆಳೆಯುತ್ತದೆ. ಆಮ್ಲೀಯತೆ ತಗ್ಗಿದಂತೆ ಅದೇ ಅಮೀನ್‌ನ ಎಲೆಕ್ಟ್ರಾನ್ ಜೋಡಿ ಬಿಡುವಾಗಿ ತಾಮ್ರದ ಅಯಾನನ್ನು ಹಿಡಿಯುತ್ತದೆ. ಸೋಡಿಯಂ, ಕ್ಯಾಲ್ಸಿಯಂಗಳ ಗೊಡವೆಗೆ ಹೆಚ್ಚು ಹೋಗುವುದಿಲ್ಲ. ಸೀಗಡಿ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ಈ ಕೆಲಸಕ್ಕೆ ಹೆಸರಾದದ್ದು ಅದರಲ್ಲಿರುವ ಅಮೀನ್ ಗುಂಪುಗಳಿಂದ. ತಾಮ್ರ ಹಿಡಿದದ್ದನ್ನು ಆಮ್ಲದಿಂದ ತೊಳೆದರೆ, ಕ್ರೋಮೇಟ್ ಹಿಡಿದದ್ದನ್ನು ಕ್ಷಾರದಿಂದ ತೊಳೆದರೆ ಮೇಲ್ಮೈ ಮತ್ತೆ ಖಾಲಿ.

ಅಮೀನ್ ಆರಿಸಿ ಹಿಡಿಯುವುದಕ್ಕೆ ಇನ್ನೊಂದು ಉದಾಹರಣೆ ಹೇಳದೆ ಇರಲಾರೆ. ಗೊಬ್ಬರಕ್ಕೆ ಬೇಕಾದ ಪೊಟ್ಯಾಸಿಯಂ ಕ್ಲೋರೈಡ್ ಗಣಿಯಲ್ಲಿ ಸೋಡಿಯಂ ಕ್ಲೋರೈಡಿನೊಂದಿಗೆ ಬೆರೆತು ಸಿಗುತ್ತದೆ. ಪರ್ಯಾಪ್ತ ಉಪ್ಪುನೀರಿನಲ್ಲಿ ಉದ್ದ ಸರಪಳಿಯ ಅಮೀನ್ ಹಾಕಿ ಗಾಳಿಗುಳ್ಳೆ ಹರಿಸಿದರೆ, ಅಮೀನ್ ಪೊಟ್ಯಾಸಿಯಂ ಹರಳಿಗೇ ಅಂಟಿ ಅದನ್ನು ನೊರೆಯೊಂದಿಗೆ ಮೇಲೆತ್ತುತ್ತದೆ, ಸೋಡಿಯಂ ಉಪ್ಪು ತಳದಲ್ಲಿ ಉಳಿಯುತ್ತದೆ. ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು ಗಾತ್ರದ್ದು. ಪ್ರೋಟಾನ್ ಪಡೆದ ಅಮೀನ್‌ನ ತಲೆ ಅಮೋನಿಯಂ ಅಯಾನನ್ನು ಹೋಲುತ್ತದೆ. ಅಮೋನಿಯಂ ಅಯಾನಿನ ತ್ರಿಜ್ಯ ಸುಮಾರು 148 ಪಿಕೋಮೀಟರ್, ಪೊಟ್ಯಾಸಿಯಂನದು 138, ಸೋಡಿಯಂನದು ಬರೀ 102. ಅಮೀನ್‌ನ ತಲೆ ಪೊಟ್ಯಾಸಿಯಂನ ಜಾಗದಲ್ಲಿ ಹೊಂದಿಕೊಳ್ಳುತ್ತದೆ, ಸೋಡಿಯಂನದರಲ್ಲಿ ಇಲ್ಲ.

ಕೊನೆಗೆ ಬಾಳಿಕೆ. ಅಮೀನ್ ಬಿಸಿಯಲ್ಲಿ ಆಮ್ಲಜನಕದಿಂದ ಕೆಡುತ್ತದೆ. ಒಣ ಇಂಗಾಲದ ಡೈಆಕ್ಸೈಡಿನಲ್ಲಿ ಕಾಯಿಸಿದರೆ ಅಕ್ಕಪಕ್ಕದ ಅಮೀನ್‌ಗಳು ಸೇರಿ ಯೂರಿಯಾ ಬಂಧವಾಗಿ ಶಾಶ್ವತವಾಗಿ ನಿಷ್ಕ್ರಿಯವಾಗುತ್ತವೆ. ತುಸು ತೇವ ಇದ್ದರೆ ಇದು ತಪ್ಪುತ್ತದೆ. ಹೊಗೆಯಲ್ಲಿ ಗಂಧಕದ ಡೈಆಕ್ಸೈಡ್ ಇದ್ದರೆ ಅದು ಕೂತ ಜಾಗ ಬಿಟ್ಟು ಏಳುವುದೇ ಕಷ್ಟ. ಮೊದಲ ದಿನ ಎಷ್ಟು ಹಿಡಿಯಿತು ಎಂಬ ಅಂಕಿ ಇದ್ಯಾವುದನ್ನೂ ಹೇಳುವುದಿಲ್ಲ.

ಆದ್ದರಿಂದ ತಮ್ಮಲ್ಲಿ ಒಂದು ಕೋರಿಕೆ. ಆ ಪುಡಿಯನ್ನು ಒಣ ಗಾಳಿಯಲ್ಲಿ ಪರೀಕ್ಷಿಸಿದ್ದೋ ತೇವದ ಗಾಳಿಯಲ್ಲೋ, ಅನಿಲ ಬಿಡಿಸಲು ಎಷ್ಟು ಡಿಗ್ರಿ ಬೇಕಾಯಿತು, ಎಷ್ಟು ಸುತ್ತುಗಳ ನಂತರ ಹಿಡಿತ ಎಷ್ಟು ಉಳಿಯಿತು ಎಂದು ಲೇಖಕರನ್ನು ಕೇಳಿ, ಅವರ ಉತ್ತರವನ್ನು ಮುಂದಿನ ವಾರದ ವಿಜ್ಞಾನ ಪುಟದಲ್ಲಿ ಪ್ರಕಟಿಸಿ. ನಾಲ್ಕು ಸಾಲು ಸಾಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿ